ಅಜ್ಜಿ ಇಳಿದ ಮೆಟ್ಟಿಲು

ಇಂಗ್ಲೆಂಡಿನಲ್ಲಿ ಬೀದಿಯುದ್ದಕ್ಕೂ ಮನೆಗೆ ಮನೆ ಅಂಟಿಸಿ ಕಟ್ಟುತ್ತಾರಂತೆ; ಎರಡು ಮನೆಗಳ ನಡುವೆ ಒಂದೇ ಗೋಡೆ. ಬಿಳಿಯರು ಗಂಟುಮೂಟೆ ಕಟ್ಟುವ ಮುನ್ನ ರಾಜಧಾನಿಯಲ್ಲಿ ಲೋಧಿ ಕಾಲೋನಿ ಕಟ್ಟಿಸಿದಾಗಲೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಕಮಾನಿನ ಹೆಬ್ಬಾಗಿಲು, ದಪ್ಪ ಗೋಡೆ, ಎತ್ತರದ ಸೂರು, ಹಿಂದುಗಡೆ ಮಹಡಿಯ ಮನೆಗಳಿಗೆಲ್ಲ ಸೇರಿ ಒಂದೇ ಉದ್ದನೆಯ ವರಾಂಡ. ನಮ್ಮೂರಿನ ವಠಾರಕ್ಕೆ ಕೋಟು ತೊಡಿಸಿದ ಹಾಗಿತ್ತು. ಬಂದವರೆಲ್ಲ ಹೊಗಳುತ್ತಿದ್ದರು, ಮೆಟ್ಟಿಲೊಂದನ್ನು ಬಿಟ್ಟು. ನಡುವಿನ ಮನೆಗಳ ಮೆಟ್ಟಿಲು ಇಕ್ಕಟ್ಟು, ಅರ್ಧದಲ್ಲಿ ತಟ್ಟನೆ ತಿರುಗುತ್ತಿತ್ತು. ಸಾಲಿನ ಕೊನೆಯ ಮನೆಗೆ ಮಾತ್ರ ಅಗಲವಾದ ನೇರ ಮೆಟ್ಟಿಲು. ಈ ಪಂಕ್ತಿಭೇದ ಯಾಕೆಂದು ಕೇಳೋಣವೆಂದರೆ ಕಟ್ಟಿದವರು ಎಂದೋ ಹಡಗು ಹತ್ತಿದ್ದರು.

ಅಪ್ಪ ಕೇಂದ್ರ ಸರ್ಕಾರದ ಗುಮಾಸ್ತ. ನಮ್ಮದು ಮಹಡಿಯ ಮನೆ, ಕೊನೆಯದಕ್ಕಿಂತ ಒಂದು ಈಚೆ. ಕೊನೆಯ ಮನೆಯಲ್ಲಿ ಒಬ್ಬ ಬಂಗಾಳಿ ಹೆಂಗಸು ಮಗನೊಂದಿಗೆ ಇದ್ದರು. ನಾನು ಆಂಟಿ ಎನ್ನುತ್ತಿದ್ದೆ. ಅವರು ಮೀನು ಹುರಿದರೆ ವರಾಂಡದಲ್ಲಿ ಒಣಹಾಕಿದ ಅಜ್ಜಿಯ ಮಡಿಸೀರೆಗೆ ವಾಸನೆ ಹತ್ತುತ್ತಿತ್ತು. ಬಂದ ವರ್ಷವೇ ಅಜ್ಜಿ ಹಟ ಹಿಡಿದು ಎರಡು ಮನೆಗಳ ನಡುವೆ ವರಾಂಡಕ್ಕೆ ಅಡ್ಡಲಾಗಿ ತಗಡು ಹೊಡೆಸಿದಳು. ಆದರೂ ಆಂಟಿ ಹಬ್ಬಕ್ಕೆ ಕರೆದರು, ಮಗನ ಮದುವೆಗೆ ಕರೆದರು. ಅಜ್ಜಿ ಅವರ ಹೊಸ್ತಿಲು ತುಳಿಯಲಿಲ್ಲ. ಅವಳದು ಉಡದ ಪಟ್ಟು. ನನಗಂತೂ ಆ ತಗಡು ಕಂಡರೆ ಆಗುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಅಷ್ಟಿಷ್ಟು ಗಾಳಿ ಬಂದರೂ ಅದಕ್ಕೇ ಬಡಿದು ನಿಲ್ಲುತ್ತಿತ್ತು.

ಒಂದು ಬೇಸಿಗೆಯಲ್ಲಿ ನಮ್ಮ ಮೆಟ್ಟಿಲನ್ನೇ ಹಂಚಿಕೊಂಡಿದ್ದ ಎದುರು ಬಾಗಿಲಿನ ಮನೆಯ ಮುದುಕರು ತೀರಿಕೊಂಡರು. ಮೆಟ್ಟಿಲ ತಿರುವಿನಲ್ಲಿ ಮಲಗಿಸಿ ಒಯ್ಯಲಾಗದೆ ದೇಹವನ್ನು ಕುರ್ಚಿಗೆ ಕಟ್ಟಿ ಇಳಿಸಿದರು. ಕೆಳಗಿಳಿದಂತೆ ತಲೆ ಅತ್ತಿತ್ತ ವಾಲುತ್ತಿತ್ತು. ಬಾಗಿಲಲ್ಲಿ ನಿಂತು ನೋಡಿದ ಅಜ್ಜಿ ಅಂದು ಊಟ ಮಾಡಲಿಲ್ಲ.

"ನನ್ನನ್ನ ಹಾಗೆ ಇಳಿಸಬೇಡ ಕಣೋ," ಎಂದಳು ಅಪ್ಪನಿಗೆ. "ಮಲಗಿಸ್ಕೊಂಡೇ ಕರ್ಕೊಂಡು ಹೋಗು."

"ಆಯ್ತಮ್ಮ," ಎಂದ ಅಪ್ಪ. ಹೇಗೆಂದು ಯೋಚಿಸಿರಲಿಲ್ಲ.

ಮುಂದಿನ ಚಳಿಗಾಲ, ಮಂಜು ಕವಿದ ಬೆಳಿಗ್ಗೆ ಅಜ್ಜಿ ಹೋದಳು. ಊರಿನ ಇನ್ನೊಂದು ತುದಿಯ ರೋಹಿಣಿ ಬಡಾವಣೆಯಿಂದಲೂ ಕನ್ನಡದವರು ಬಂದು ಕೆಳಗೆ ಚಟ್ಟ ಕಟ್ಟಿದರು. ಅಪ್ಪ ಮೆಟ್ಟಿಲು ಹತ್ತಿ ಇಳಿದು, ತಿರುವಿನಲ್ಲಿ ಕೈ ಚಾಚಿ ಅಳೆದು ನೋಡಿದ. ಮಲಗಿಸಿ ಇಳಿಸುವ ದಾರಿ ಇರಲಿಲ್ಲ. ಧಾರವಾಡದ ಕಡೆಯ ಸಹೋದ್ಯೋಗಿಯೊಬ್ಬರು ಅವನ ಭುಜ ಹಿಡಿದು, "ನಮ್ಮ ಕಡೆ ಕುಂಡ್ರಿಸೇ ಒಯ್ತೀವ್ರಿ. ಅದ್ರಾಗ ಅವಮಾನ ಏನೈತಿ?" ಎಂದರು.

"ನಿಮ್ಮಲ್ಲಿ ಅದು ಗೌರವ. ನಾನು ಅಮ್ಮನಿಗೆ ಮಾತು ಕೊಟ್ಟಿದ್ದೀನಿ," ಎಂದ ಅಪ್ಪ. ಅವನು ಅತ್ತದ್ದನ್ನು ಅಂದೇ ನೋಡಿದ್ದು.

ಉಳಿದದ್ದು ಒಂದೇ ದಾರಿ: ತಗಡು ಕಿತ್ತು, ಆಂಟಿಯ ಮನೆಯೊಳಗಿಂದ ಹಾದು, ಆ ಅಗಲ ಮೆಟ್ಟಿಲಿಗೆ. ಪರರ ಹೆಣವನ್ನು ಮನೆಯೊಳಗೆ ಯಾರು ತಾನೇ ಬಿಟ್ಟುಕೊಳ್ಳುತ್ತಾರೆ? "ಯಾವ ಮುಖ ಇಟ್ಕೊಂಡು ಕೇಳ್ತೀರಿ?" ಎಂದಳು ಅಮ್ಮ. ಅಪ್ಪ ವರಾಂಡಕ್ಕೆ ಹೋಗಿ ತಗಡು ತಟ್ಟಿದ. ಆಚೆ ಬಂದು ನಿಂತ ಆಂಟಿಗೆ ತನ್ನ ಹರಕು ಹಿಂದಿಯಲ್ಲಿ ಕುರ್ಚಿಯ ವಿಷಯ, ಕೊಟ್ಟ ಮಾತು, ಎಲ್ಲ ಹೇಳಿದ. ನಮ್ಮ ಮೇಲೆ ನನಗೇ ಹೇಸಿಗೆಯಾಯಿತು. ಆಮೇಲೆ ಆಂಟಿ ಮಗನನ್ನು ಕೂಗಿದ್ದು ಕೇಳಿಸಿತು, ಮೊಳೆ ಕೀಳುವ ಸದ್ದು ಬಂತು.

ಚಾಪೆ ಸಮೇತ ಅಜ್ಜಿಯನ್ನು ನಾಲ್ವರು ಎತ್ತಿಕೊಂಡರು. ಅಪ್ಪ ತಲೆಯ ಕಡೆ. ಆಂಟಿಯ ಅಡುಗೆಮನೆಯಲ್ಲಿ ಒಲೆ ಆರಿಸಿತ್ತು. ಮುಂದಿನ ಕೋಣೆಯ ನೆಲದ ಮೇಲೆ ಒಗೆದ ಬಿಳಿ ಹಾಸು ಹಾಸಿತ್ತು. ಆಂಟಿ ಅದರ ಪಕ್ಕ ನಿಂತಿದ್ದರು.

"ಏಕ್ ಮಿನಟ್, ಭಾಯಿ ಸಾಬ್," ಎಂದರು ಹಿಂದಿಯಲ್ಲಿ. "ನಿಮ್ಮ ಮಾಂಜೀ ಒಂದು ದಿನವೂ ನಮ್ಮ ಮನೆಗೆ ಬರಲಿಲ್ಲ. ಸ್ವಲ್ಪ ಹೊತ್ತು ಇಲ್ಲಿ ಮಲಗಿಸಿ."

ಎತ್ತಿದ ಹೆಣವನ್ನು ಇನ್ನೊಬ್ಬರ ಮನೆಯಲ್ಲಿ ಇಳಿಸಬಾರದು ಎನ್ನುತ್ತಾರೆ ನಮ್ಮಲ್ಲಿ. ಹೊತ್ತ ಮೂವರೂ ಅಪ್ಪನ ಮುಖ ನೋಡಿದರು. ಅಪ್ಪ ಮಂಡಿಯೂರಿ ಅಜ್ಜಿಯನ್ನು ಆ ಹಾಸಿನ ಮೇಲೆ ಇಳಿಸಿದ. ಆಂಟಿ ಪಕ್ಕದಲ್ಲಿ ಕೂತು ಅವಳ ಸೆರಗು ಸರಿಮಾಡಿದರು.