ಹೇಳಿದ್ದನ್ನು ತಿರುಗಿ ಹೇಳುವವಳು

ಯಾರಾದರೂ ಏನಾದರೂ ಹೇಳಿದರೆ ಸ್ಯೊಂಬುವಾ ಮೊದಲು ಅದನ್ನೇ ತಿರುಗಿ ಹೇಳುತ್ತಾಳೆ. ಉತ್ತರ ಆಮೇಲೆ.

"ಟೊಮೆಟೊ ಮುಗೀತು, ಸೊಪ್ಪು ಮಾತ್ರ ಇದೆ" ಎಂದು ತರಕಾರಿ ಮಾರುವ ಮಾಮಾ ಕಲೂಕಿ, ಅಂದರೆ ಕಲೂಕಿ ಅಮ್ಮ, ಹೇಳಿದರೆ, "ಟೊಮೆಟೊ ಮುಗೀತು, ಸೊಪ್ಪು ಮಾತ್ರ ಇದೆ. ಸರಿ, ಸೊಪ್ಪೇ ಕೊಡು" ಅನ್ನುತ್ತಾಳೆ.

"ನಾನೇನು ಪಾದ್ರಿನೇನೇ, ನಾನು ಹೇಳಿದ್ದನ್ನೆಲ್ಲ ಸಭೆಯವರ ಹಾಗೆ ತಿರುಗಿ ಹೇಳೋಕೆ?" ಎಂದು ಕಲೂಕಿ ಸೊಪ್ಪಿನ ಕಟ್ಟನ್ನು ಅವಳ ಚೀಲಕ್ಕೆ ತುರುಕುತ್ತಾಳೆ. "ಅದೂ ಕಿರುಚಿಕೊಂಡು! ಇಡೀ ಮ್ಲೊಲೊಂಗೊಗೆ ಗೊತ್ತಾಯ್ತು ನನ್ನ ಹತ್ರ ಟೊಮೆಟೊ ಇಲ್ಲ ಅಂತ."

ನೈರೋಬಿಯ ಹೊರಗಿನ ಮ್ಲೊಲೊಂಗೊ ಊರಿನ ಲಾರಿ ನಿಲ್ದಾಣದ ಹಿಂದಿನ ವಠಾರದಲ್ಲಿ ಸ್ಯೊಂಬುವಾಗೆ ಒಂದು ಕೋಣೆ ಇದೆ. ವಯಸ್ಸು ನಲವತ್ತು ದಾಟಿದೆ. ಮದುವೆಯಾಗಿ, ಮುರಿದು, ಅದೂ ಹಳೆಯ ಮಾತಾಗಿದೆ. ಕಂಬಾ ಪಂಗಡದವಳು. ಅಣ್ಣನ ಸಂಸಾರ ಮಚಾಕೋಸ್‌ನ ಬೆಟ್ಟದ ಮೇಲಿದೆ; ಕ್ರಿಸ್‌ಮಸ್‌ಗೆ ಹೋಗಿ ಬರುತ್ತಾಳೆ. ಉಳಿದ ದಿನಗಳಲ್ಲಿ ಅಥಿ ನದಿಯ ಆಚೆ, ಸಿಮೆಂಟ್ ಕಾರ್ಖಾನೆಗಳ ನಡುವೆ ಕಿಟಕಿಯೇ ಇಲ್ಲದ ಒಂದು ಕಟ್ಟಡದಲ್ಲಿ ಕೆಲಸ. ಊರಿನವರ ಮಾಹಿತಿಯನ್ನು ಕಾಪಾಡಿ ಇಡುವ ಕಂಪನಿ ಅದು. ಆಸ್ಪತ್ರೆಗಳ ಎಕ್ಸ್‌ರೇಗಳು, ಕೋರ್ಟುಗಳ ತೀರ್ಪುಗಳು, ಯಾರದೋ ಮದುವೆಯ ಫೋಟೊಗಳು, ಬಸ್ ನಿಲ್ದಾಣದ ಕ್ಯಾಮೆರಾ ಕಂಡದ್ದು, ಎಲ್ಲವೂ ಅಲ್ಲಿನ ಡಿಸ್ಕುಗಳಲ್ಲಿವೆ. ಯಾವ ಡಿಸ್ಕಿನಲ್ಲಿ ಏನಿದೆ ಎಂಬುದು ಸ್ಯೊಂಬುವಾಗೆ ತಿಳಿಯದು, ತಿಳಿಯಬಾರದು ಕೂಡ. ಡಿಸ್ಕುಗಳು ಸಾಯುತ್ತವೆ. ಸತ್ತದ್ದನ್ನು ಕಿತ್ತು ಹೊಸದನ್ನು ಕೂರಿಸುವುದು ಅವಳ ಕೆಲಸ.

ಮೊದಲು ಆ ಹಾಲ್‌ನಲ್ಲಿ ಜನರಿದ್ದರು. ಯಂತ್ರಗಳು ಒಳ್ಳೆಯವಾದಂತೆ ಜನ ಕಡಿಮೆಯಾದರು. ಈಗ ಹಗಲು ಪಾಳಿಯಲ್ಲಿ ಅವಳೊಬ್ಬಳೇ. ಎರಡೂ ಬದಿಗೆ ಕಬ್ಬಿಣದ ಕಪಾಟುಗಳು, ತಣ್ಣನೆಯ ಗಾಳಿ, ಸಾವಿರಾರು ಫ್ಯಾನುಗಳ ಮೊರೆತ. ಕಿವಿಗೆ ಮುಚ್ಚಿಗೆ ಹಾಕಿಕೊಳ್ಳಬೇಕೆಂಬ ನಿಯಮ ಬಂದದ್ದು ತಡವಾಗಿ. ಅದಕ್ಕೂ ಮೊದಲಿನ ವರ್ಷಗಳಲ್ಲಿ ಅವಳು ಆ ಮೊರೆತದಲ್ಲಿ ಬರಿಗಿವಿಯಲ್ಲೇ ಓಡಾಡಿದ್ದಾಳೆ.

ತಿರುಗಿ ಹೇಳುವ ಅಭ್ಯಾಸ ಈ ಕೆಲಸದಲ್ಲಿ ಕೇಳಿ ಕೇಳಿಯೇ ಬಂದದ್ದು. ಕಂಪನಿ ಪ್ರತಿಯೊಂದನ್ನೂ ಎರಡು ಕಡೆ ಇಡುತ್ತದೆ, ಒಂದು ಅಥಿಯಲ್ಲಿ, ಅದರ ಜೋಡಿ ಮೊಂಬಾಸಾದಲ್ಲಿ. ಇಲ್ಲಿ ಒಂದು ಡಿಸ್ಕನ್ನು ಕೀಳುವ ಮೊದಲು ಅಲ್ಲಿನ ಜೋಡಿ ಉಸಿರಾಡುತ್ತಿದೆಯೇ ಎಂದು ಅಲ್ಲಿರುವವರು ಕಣ್ಣಾರೆ ನೋಡಿ, ಅದರ ಮುಂದೆಯೇ ನಿಂತು ಕಾಯಬೇಕು. ಇಲ್ಲಿಂದ ಕಪಾಟು, ಸಾಲು, ಸಂಖ್ಯೆ ಓದಿದರೆ ಅಲ್ಲಿಂದ ಅದನ್ನೇ ತಿರುಗಿ ಹೇಳಬೇಕು. ಅದನ್ನು ಇವಳು ಕೇಳಿಸಿಕೊಂಡು "ಸರಿ" ಅಂದ ಮೇಲೆಯೇ ಕೈ ಹಾಕುವುದು. ಹೊಸ ಡಿಸ್ಕನ್ನು ಯಂತ್ರ ಒಪ್ಪಿಕೊಂಡು ಹಸಿರು ದೀಪ ಹತ್ತಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಅಲ್ಲಿಯವರೆಗೆ ಫೋನ್ ಇಡುವಂತಿಲ್ಲ.

ಆ ಮುಕ್ಕಾಲು ಗಂಟೆಯಲ್ಲಿ ಸ್ಯೊಂಬುವಾಗೆ ಕಾಡ್ಜೊ ಸಿಕ್ಕಿದ್ದು. ಮೊಂಬಾಸಾದ ಹಾಲ್ ಕಾಡ್ಜೊಳದು. ಕರಾವಳಿಯ ಗಿರಿಯಾಮಾ ಪಂಗಡದ ಹೆಂಗಸು, ಐವತ್ತು ದಾಟಿದವಳು, ಮೊಮ್ಮಕ್ಕಳಿದ್ದಾರೆ. ಏಳು ವರ್ಷದಿಂದ ದಿನಕ್ಕೊಂದು, ಕೆಲವೊಮ್ಮೆ ಎರಡು ಡಿಸ್ಕುಗಳ ಲೆಕ್ಕದಲ್ಲಿ ಇಬ್ಬರೂ ಮಾತಾಡಿದ್ದಾರೆ. ಮುಖ ನೋಡಿದ್ದಿಲ್ಲ.

"ಏನೇ ಕಂಬಾ ಹುಡುಗಿ, ಇವತ್ತು ಏನು ತಿಂದೆ?"

"ಜೋಳ, ಅವರೆಕಾಳು."

"ನಿನ್ನೆ?"

"ಜೋಳ, ಅವರೆಕಾಳು."

"ಥೂ, ಕತ್ತೆ ಕೂಡ ವಾರಕ್ಕೊಂದ್ಸಲ ಹುಲ್ಲು ಬದಲಾಯಿಸುತ್ತೆ. ಬಾ ಇಲ್ಲಿಗೆ, ತೆಂಗಿನಹಾಲಲ್ಲಿ ಮೀನು ಮಾಡಿ ಹಾಕ್ತೀನಿ. ಎರಡು ದಿನದಲ್ಲಿ ನಿನಗೊಬ್ಬ ಗಂಡ ಸಿಗ್ತಾನೆ."

"ನಿಮ್ಮ ಕಡೆಯವರಾ? ಹೆಂಡ ಇಳಿಸೋಕೆ ಮರ ಹತ್ತಿದ್ರೆ ಇಳಿಯೋದೇ ಇಲ್ವಂತಲ್ಲ ಅಕ್ಕಾ."

"ಅದಕ್ಕೇ ಹೇಳಿದ್ದು. ಗಂಡ ಮರದ ಮೇಲೆ, ಮನೆ ನಿಂದೇ."

ಒಮ್ಮೆ ಭಾನುವಾರ ಸ್ಯೊಂಬುವಾ ತನ್ನ ಕೋಣೆಯಿಂದಲೇ ಫೋನ್ ಮಾಡಿದ್ದಳು. ಆ ಕಡೆ ಮಕ್ಕಳ ಗಲಾಟೆ. "ಏನಾಯ್ತೇ, ಯಾವುದು ಸತ್ತಿತು?" ಎಂದು ಕಾಡ್ಜೊ ಗಾಬರಿಯಾದಳು. ಏನೂ ಸತ್ತಿಲ್ಲ ಎಂದು ಹೇಳಿದ ಮೇಲೆ ಮಾತು ಮುಂದುವರಿಯಲಿಲ್ಲ. ಮತ್ತೆ ಹಾಗೆ ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಮಾರನೆಯ ದಿನ ಹಾಲ್‌ನಲ್ಲಿ ಇಬ್ಬರೂ ಎಂದಿನಂತೆ ಹರಟಿದರು.

ತಪ್ಪು ನಡೆದದ್ದು ಕಳೆದ ಮಳೆಗಾಲ ಮುಗಿಯುವಾಗ. ಕಾಡ್ಜೊ ಸೊಸೆಯ ಬಾಣಂತನದ ಕಥೆ ಹೇಳುತ್ತಿದ್ದಳು; ಎರಡನೆಯ ಡಿಸ್ಕಿನ ಸರದಿ ಬಂತು. ಸ್ಯೊಂಬುವಾ ಸಂಖ್ಯೆ ಓದಿದಳು. ಕಥೆಯ ಗುಂಗಿನಲ್ಲಿದ್ದ ಕಾಡ್ಜೊ ಬೇರೆಯೇ ಸಾಲನ್ನು ಹೇಳಿದಳು. ಸ್ಯೊಂಬುವಾ "ಸರಿ" ಎಂದು ಡಿಸ್ಕನ್ನು ಕಿತ್ತಳು. ಅದರ ನಿಜವಾದ ಜೋಡಿ ಅಂದು ಮೊಂಬಾಸಾದಲ್ಲಿ ದುರಸ್ತಿಗೆಂದು ನಿಂತಿತ್ತು. ಅದೃಷ್ಟಕ್ಕೆ ಆ ಡಿಸ್ಕಿನ ಮಟ್ಟಿಗೆ ಮೂರನೆಯದೊಂದು ಪ್ರತಿ ನೈರೋಬಿಯಲ್ಲೂ ಇದ್ದುದರಿಂದ ಏನೂ ಕಳೆದುಹೋಗಲಿಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಮೇಲಿನವರಿಗೆ ಗೊತ್ತಾಯಿತು.

ಎರಡೂ ಹಾಲ್‌ಗಳ ಉಸ್ತುವಾರಿ ರೋನೊ ಎಂಬವನದು. ಎಲ್ದೊರೆಟ್ ಕಡೆಯವನು, ಸ್ಯೊಂಬುವಾಗಿಂತ ಚಿಕ್ಕವನು, ದನಿ ಎತ್ತದ ಮನುಷ್ಯ. ಕಂಪನಿ ತನ್ನ ಫೋನ್ ಕರೆಗಳನ್ನೂ ಕಾಪಾಡಿಡುತ್ತದೆ. ಅವನು ಆ ಕರೆಯನ್ನು ಹಾಕಿಸಿ ಕೇಳಿದ.

"ನೀವು ಓದಿದ್ದು ಸರಿಯಾಗಿದೆ ಮಾಮಾ. ಕಾಡ್ಜೊ ಅವರು ತಪ್ಪಾಗಿ ಹೇಳಿದ್ದಾರೆ. ನೀವು ಅದಕ್ಕೆ ಸರಿ ಅಂದಿದ್ದೀರ. ಹೇಗೆ?"

"ಹೇಗೆ ಅಂದ್ರೆ..." ಎಂದಳು ಸ್ಯೊಂಬುವಾ.

"ಹರಟೆ" ಎಂದು ರೋನೊ ತಾನೇ ಉತ್ತರಿಸಿದ. "ನೈರೋಬಿಯವರು ಕೈಯಲ್ಲಿ ಹಿಡಿಯೋ ಯಂತ್ರ ಕೊಡ್ತೀವಿ ಅಂತಿದ್ದಾರೆ. ಡಿಸ್ಕಿಗೆ ಹಿಡಿದರೆ ಆಯ್ತು, ಜೋಡಿಯನ್ನ ಅದೇ ನೋಡ್ಕೊಳ್ಳುತ್ತೆ. ಫೋನೇ ಬೇಡ. ಇಲ್ಲ, ಫೋನೇ ಇರಲಿ ಅಂದ್ರೆ ಇರಲಿ, ಆದರೆ ಸಂಖ್ಯೆ ಬಿಟ್ಟು ಒಂದು ಮಾತೂ ಇಲ್ಲ. ನಿರ್ಧಾರ ನನಗೆ ಬಿಟ್ಟಿದ್ದಾರೆ. ನೀವೇನಂತೀರಿ?"

"ಫೋನೇ ಇರಲಿ ಬಾಸ್."

ಹೀಗೆ ಮಾತಿಲ್ಲದ ಫೋನ್ ಶುರುವಾಯಿತು. ಸಂಖ್ಯೆ ಓದುವುದು, ತಿರುಗಿ ಹೇಳುವುದು, ಸರಿ. ಆಮೇಲೆ ಹಸಿರು ದೀಪದವರೆಗೆ ಅಥಿಯ ಫ್ಯಾನುಗಳು ಮೊಂಬಾಸಾದ ಫ್ಯಾನುಗಳ ಸದ್ದು ಕೇಳುತ್ತಿದ್ದವು. ಕಾಡ್ಜೊ ಆಗಾಗ ಕೆಮ್ಮುತ್ತಿದ್ದಳು. ಸ್ಯೊಂಬುವಾ ಕೆಮ್ಮಿಗೆ ಕೆಮ್ಮು ಕೊಡುತ್ತಿದ್ದಳು. ಕೆಮ್ಮನ್ನು ಯಾವ ನಿಯಮವೂ ತಡೆದಿರಲಿಲ್ಲ.

ಇನ್ನೊಂದು ದಾರಿಯನ್ನು ಕಾಡ್ಜೊಳೇ ಕಂಡುಹಿಡಿದಳು. ಸರಿಯಾಗಿ ಕೇಳಿಸದಿದ್ದರೆ ಮತ್ತೊಮ್ಮೆ ಓದಿಸಬಹುದು ಎಂದು ನಿಯಮದಲ್ಲೇ ಇತ್ತು. ಒಂದು ದಿನ ಅವಳು "ಕೇಳಿಸಲಿಲ್ಲ, ಮತ್ತೊಮ್ಮೆ" ಎಂದಳು. ಸ್ಯೊಂಬುವಾ ಓದಿದಳು. "ಮತ್ತೊಮ್ಮೆ." ಓದಿದಳು. ಆಮೇಲೆ ಸ್ಯೊಂಬುವಾಳೂ ಅವಳಿಂದ ಮತ್ತೆ ಮತ್ತೆ ತಿರುಗಿ ಹೇಳಿಸಿದಳು. ಒಂದೇ ಸಂಖ್ಯೆ ನಗುತ್ತಾ ಹೋಗುತ್ತಿತ್ತು, ಮುನಿಸಿಕೊಂಡು ಬರುತ್ತಿತ್ತು, ಚರ್ಚಿನ ಹಾಡಿನ ಧಾಟಿಯಲ್ಲಿ ಹೋಗುತ್ತಿತ್ತು. ಮೊಮ್ಮಗನಿಗೆ ಜ್ವರವಿದ್ದ ದಿನ ಕಾಡ್ಜೊಳ ಸಂಖ್ಯೆ ಕುಗ್ಗಿರುತ್ತಿತ್ತು.

ಎರಡು ತಿಂಗಳ ಮೇಲೆ ರೋನೊ ಅವಳನ್ನು ಕರೆಸಿದ. ಕುರ್ಚಿ ತೋರಿಸಿ, ಚಹಾ ತರಿಸಿ, ಒಂದು ಕರೆಯನ್ನು ಕೇಳಿಸಿದ. ಒಂದೇ ಸಂಖ್ಯೆಯನ್ನು ಇಬ್ಬರು ಹೆಂಗಸರು ಮತ್ತೆ ಮತ್ತೆ ಹೇಳುತ್ತಿದ್ದರು. ಅವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

"ಇದು ಆಟ ಅಂತ ನನಗೆ ಗೊತ್ತು ಮಾಮಾ. ತಪ್ಪೇನಿಲ್ಲ. ಎಷ್ಟು ಸಲ ಓದಿದರೆ ಅಷ್ಟು ಭದ್ರ ಅಂತ ನೈರೋಬಿಗೆ ಹೇಳಿಬಿಡ್ತೀನಿ. ಹೋಗಿ, ಆಡ್ಕೊಳ್ಳಿ."

ಅಲ್ಲಿಗೆ ಫೋನು, ಆಟ, ಎಲ್ಲವೂ ಉಳಿದಂತಾಗಿತ್ತು. ಸ್ಯೊಂಬುವಾ ಎದ್ದಳು. ಬಾಗಿಲವರೆಗೆ ಹೋಗಿ ಮತ್ತೆ ಬಂದು ಕುಳಿತಳು.

"ಕಾಡ್ಜೊ ಅಕ್ಕಂದು ಆಟ ಬಾಸ್. ನಂದಲ್ಲ."

"ಅಂದರೆ?"

"ನನಗೆ ನಿಜವಾಗ್ಲೂ ಕೇಳಿಸಲ್ಲ. ಅವಳು ಮಾತಾಡ್ತಿದ್ದಾಳೆ ಅಂತ ಗೊತ್ತಾಗುತ್ತೆ. ಏರಿಳಿತ ಗೊತ್ತಾಗುತ್ತೆ. ನಾನು ಓದಿದ್ದನ್ನೇ ತಾನೇ ಅವಳು ಹೇಳ್ಬೇಕು, ಅದಕ್ಕೆ ಅದೇ ಇರಬೇಕು ಅಂದ್ಕೊಂಡು ಸರಿ ಅಂತೀನಿ. ಅವತ್ತೂ ಹಾಗೇ ಅಂದೆ."

"ಎಷ್ಟು ದಿನದಿಂದ?"

"ಒಂದು ವರ್ಷ ಇರಬಹುದು. ಜಾಸ್ತೀನೂ ಇರಬಹುದು."

ರೋನೊ ಚಹಾದ ಲೋಟ ಬದಿಗೆ ಸರಿಸಿದ. "ಇದನ್ನ ಹೇಳದೇ ಇದ್ದಿದ್ದರೆ ನನಗೆ ಗೊತ್ತಾಗ್ತಾನೇ ಇರಲಿಲ್ಲ" ಎಂದ. ದೂರಿದನೋ ಹೊಗಳಿದನೋ ಅವಳಿಗೆ ತಿಳಿಯಲಿಲ್ಲ.

ಯಾಕೆ ಹೇಳಿದಳೆಂದು ಆಮೇಲೆ ಕಲೂಕಿ ಬೈದು ಕೇಳಿದ್ದುಂಟು. ಸ್ಯೊಂಬುವಾಳ ಉತ್ತರ ಚಿಕ್ಕದು: "ಯಾರದೋ ಮಗುವಿನ ಎಕ್ಸ್‌ರೇ ಇರುತ್ತೆ ಕಣೇ ಅದರಲ್ಲಿ."

ನೈರೋಬಿಯ ಕಿವಿ ವೈದ್ಯೆ ಗಾಜಿನ ಗೂಡಿನಲ್ಲಿ ಕೂರಿಸಿ ಪರೀಕ್ಷೆ ಮಾಡಿದಳು. ದಪ್ಪ ಸದ್ದುಗಳು ಉಳಿದಿದ್ದವು, ತೆಳು ಸದ್ದುಗಳು ಹೋಗಿದ್ದವು. ಲಾರಿಯ ಗುಡುಗು ಕೇಳಿಸುತ್ತದೆ, ಹೆಂಗಸರ ಮಾತು ಕಲಸಿಹೋಗುತ್ತದೆ. ಇನ್ನು ಆ ಹಾಲ್‌ಗೆ ಕಾಲಿಡಬಾರದು ಎಂದಳು. ಕಂಪನಿ ಸ್ಯೊಂಬುವಾಳನ್ನು ಮುಂಬಾಗಿಲಿನ ಮೇಜಿಗೆ ಹಾಕಿತು. ಕೈಯಂತ್ರ ಬಂತು. ಫೋನ್ ನಿಂತಿತು.

ನಿಲ್ಲುವ ಮುನ್ನ ಒಂದು ಕರೆಗೆ ರೋನೊ ಒಪ್ಪಿದ. ಏನು ಬೇಕಾದರೂ ಮಾತಾಡಬಹುದೆಂದ. ಸ್ಯೊಂಬುವಾ ವಿಷಯ ಹೇಳಿದಳು. ಆ ಕಡೆಯಿಂದ ಏನೋ ಬಂತು. ಏನೆಂದು ಅವಳಿಗೆ ತಿಳಿಯಲಿಲ್ಲ.

"ದಪ್ಪ ದನಿಯಲ್ಲಿ ಹೇಳಕ್ಕಾ. ಗಂಡಸರ ಹಾಗೆ."

ಹೊಟ್ಟೆಯೊಳಗಿಂದ ಎದ್ದ ಒರಟು ದನಿಯೊಂದು ಬಂತು. "ಹಾಗಾದ್ರೆ ಸೊಸೆಗೆ ಸಲೀಮಾ ಹುಟ್ಟಿದ್ದು ಹೇಳಿದ್ನಲ್ಲ, ಅದು ಕೇಳಿಸ್ತಾ?"

"ಮಗು ಹುಟ್ಟಿತು ಅಂತ ಗೊತ್ತಾಯ್ತು. ನೀನು ಖುಷಿಯಾಗಿದ್ದೆ."

"ನನ್ನ ಗಂಡನ ತಮ್ಮ ದೋಣಿ ಮುಳುಗಿ ಸತ್ತಿದ್ದು?"

ಆ ದಿನ ಯಾವುದೆಂದು ಸ್ಯೊಂಬುವಾಗೆ ನೆನಪಿಗೆ ಬರಲಿಲ್ಲ. ಬಹುಶಃ ಅಂದೂ ಅವಳು ಸರಿ, ಸರಿ ಅಂದಿದ್ದಳು. ಕಳೆದ ಒಂದು ವರ್ಷದ ಮಾತಿನಲ್ಲಿ ಕಾಡ್ಜೊ ಹೇಳಿದ್ದೆಷ್ಟು, ತಾನೇ ತುಂಬಿಕೊಂಡದ್ದೆಷ್ಟು ಎಂದು ಅವಳು ಮೊದಲ ಸಲ ಯೋಚಿಸಿದಳು. ಆ ದಪ್ಪ ದನಿಯೂ ಅವಳು ಬಲ್ಲ ಕಾಡ್ಜೊಳದಾಗಿರಲಿಲ್ಲ.

ಮುಂಬಾಗಿಲಿನಲ್ಲಿ ಬೆಳಕಿದೆ, ಸದ್ದಿಲ್ಲ. ಸದ್ದಿಲ್ಲದ ಕಡೆ ಕಿವಿಯೊಳಗೇ ಒಂದು ಸಿಳ್ಳೆ ಹೊಡೆಯುತ್ತಿರುತ್ತದೆ ಎನ್ನುತ್ತಾಳೆ ಸ್ಯೊಂಬುವಾ. ಬಂದವರ ತುಟಿ ನೋಡಿ ಮಾತು ತಿಳಿಯುವುದನ್ನು ಅವಳು ಕಲಿತಳು. ಮುಖ ಎದುರಿಗಿದ್ದರೆ ಹತ್ತರಲ್ಲಿ ಏಳು ಮಾತು ಸಿಗುತ್ತವೆ. ಇದು ಗೊತ್ತಾದ ವಾರವೇ ಅವಳು ರಜೆ ಕೇಳಿದಳು.

ಅಥಿ ನದಿಯ ನಿಲ್ದಾಣದಲ್ಲಿ ಬೆಳಗಿನ ರೈಲು ಹತ್ತಿ ಅವಳು ಮಧ್ಯಾಹ್ನ ಕಳೆದು ಮೊಂಬಾಸಾದಲ್ಲಿ ಇಳಿದಳು. ಗುರುತು ಸಿಗಲು ಹಾಲ್‌ನಲ್ಲಿ ಹಾಕಿಕೊಳ್ಳುವ ಚಳಿಯ ಜಾಕೆಟ್ ಹಾಕಿ ನಿಂತಿರುತ್ತೇನೆ, ಈ ಸೆಕೆಯಲ್ಲಿ ಅಂಥ ಹುಚ್ಚಿ ಇನ್ನೊಬ್ಬಳಿರುವುದಿಲ್ಲ ಎಂದು ಕಾಡ್ಜೊ ಸಂದೇಶ ಕಳಿಸಿದ್ದಳು. ಸ್ಯೊಂಬುವಾ ನಿಂತಲ್ಲೇ ಹುಡುಕಿದಳು. ಜನ ಒಬ್ಬರನ್ನೊಬ್ಬರು ಕೂಗುತ್ತಿದ್ದರು. ಅವಳ ಪಾಲಿಗೆ ಅದು ಒಂದೇ ಗೊಂದಲದ ಸದ್ದು.

ಕಾಡ್ಜೊ ಅವಳ ಬೆನ್ನ ಹಿಂದೆಯೇ ಇದ್ದಳು. ಹೆಸರು ಹಿಡಿದು ಕೂಗಿದಳಂತೆ, ಮತ್ತೆ ಕೂಗಿದಳಂತೆ. ಸುತ್ತಲಿನವರು ತಿರುಗಿ ನೋಡಿದರು, ಸ್ಯೊಂಬುವಾ ತಿರುಗಲಿಲ್ಲ. ಹೆಗಲು ಮುಟ್ಟಲು ಕೈ ಚಾಚಿ, ಬೆಚ್ಚಿಬೀಳುತ್ತಾಳೆಂದು ಕಾಡ್ಜೊ ಕೈ ಹಿಂದೆಗೆದಳು. ಆಮೇಲೆ ಜನರ ನಡುವೆ ನುಸುಳಿ, ದೊಡ್ಡ ಸುತ್ತು ಹಾಕಿ, ಬೆವರು ಸುರಿಸುತ್ತಾ ಅವಳ ಎದುರಿಗೆ ಬಂದು ನಿಂತಳು. ತನ್ನ ಬಾಯಿ ಅವಳಿಗೆ ಚೆನ್ನಾಗಿ ಕಾಣುವಂತೆ ಗದ್ದ ಎತ್ತಿ, ಮಾತು ಶುರುಮಾಡಿದಳು.