ಅವರೆಕಾಯಿಯ ಓಟು

ಎದೆಯ ಗಡ್ಡೆ ತೆಗೆಸಿ, ಬಲಗಂಕುಳಿಗೂ ಕತ್ತರಿ ಹಾಕಿಸಿಕೊಂಡು, ಕ್ಯಾನ್ಸರಿನ ಚಿಕಿತ್ಸೆಯೆಲ್ಲ ಮುಗಿಸಿ ಕಿರಂಗೂರಿನ ಮನೆಗೆ ಹೊರಟಾಗ ಡಾಕ್ಟರು ಹೇಳಿದ್ದು ಒಂದೇ ಮಾತು: ಬಲಗೈ ಜೋಪಾನ, ಊದಿಕೊಳ್ಳಬಹುದು. ನನ್ನ ಗಂಡ ಅದನ್ನೇ ಕಾನೂನು ಮಾಡಿಬಿಟ್ಟರು. ಮೂವತ್ತು ವರ್ಷ ಹಸು ಕರೆದ ನಾನು ಕೊಟ್ಟಿಗೆ ಬಾಗಿಲಲ್ಲಿ ನಿಂತು ನೋಡಬೇಕು, ಅವರು ಕರೆಯಬೇಕು. ಅವರ ಒರಟು ಕೈಗೆ ಹಸು ಹಾಲು ಇಳಿಸದು, ನನಗೆ ಹೊಟ್ಟೆ ಉರಿ. ಬದುಕಿದ್ದೇ ಪುಣ್ಯ, ಸುಮ್ಮನಿರು ಎಂದು ಬಂದವರೆಲ್ಲ ಬುದ್ಧಿ ಹೇಳುವರು. ಬದುಕಿದ್ದು ಸುಮ್ಮನಿರುವುದಕ್ಕೇನು?

ಹೋದ ಚಳಿಗಾಲ ಪಾಂಡವಪುರದಲ್ಲಿ ಒಂದು ಸಭೆ. ನನ್ನಂತೆ ಚಿಕಿತ್ಸೆ ಮುಗಿಸಿದ ಹೆಂಗಸರನ್ನು ಕರೆಸಿದ್ದರು. ಚಿಕಿತ್ಸೆಯ ನಂತರದ ಬದುಕಿನ ಬಗ್ಗೆ ಮುಂದೆ ಯಾವ ಸಂಶೋಧನೆ ಮೊದಲು ನಡೆಯಬೇಕು, ನೀವೇ ಹೇಳಿ ಎಂದರು ಸಭೆ ನಡೆಸುತ್ತಿದ್ದ ಸಂಶೋಧಕಿ. ಸಾಲಾಗಿ ಮೊರಗಳು, ಒಂದೊಂದರಲ್ಲೂ ಒಂದು ಚೀಟಿ: ಕಾಯಿಲೆ ಮರಳುವ ಭಯ, ಸುಸ್ತು, ನಿದ್ದೆ. ತಲೆಗೆ ಐದು ಅವರೆಕಾಯಿ. ಯಾವುದು ಮುಖ್ಯವೋ ಆ ಮೊರಕ್ಕೆ ಹಾಕಿ, ಅದೇ ನಿಮ್ಮ ಓಟು.

"ಹಾಲು ಕರಿಯೋ ಪ್ರಶ್ನೆ ಎಲ್ಲವ್ವಾ?" ಅಂದೆ, ಜೋರಾಗಿಯೇ. ಅವರು ಬೇಸರಿಸದೆ "ದುಡಿಯುವ ಕೈ" ಎಂದು ಬರೆದು ಇನ್ನೊಂದು ಮೊರ ಇಟ್ಟರು. ನನ್ನ ಐದೂ ಅದಕ್ಕೇ ಬಿದ್ದವು.

ಅವರು ಟೀ ತರಿಸಲು ಹೋದರು. ನಾವು ಮೊರಗಳನ್ನು ಹತ್ತಿರ ಎಳೆದುಕೊಂಡು ಯಾವುದು ಮುಖ್ಯ ಎಂದು ಜಗಳಕ್ಕೆ ಕೂತೆವು. ಅವರು ಮರಳಿ ಬಂದು ನೋಡಿದರೆ ಒಂದು ಮೊರದ ತುಂಬ ಕಾಳು, ಇನ್ನೊಂದರ ತುಂಬ ಸಿಪ್ಪೆ.

"ಅಯ್ಯೋ, ಓಟೆಲ್ಲ ಸುಲಿದುಬಿಟ್ಟಿರಲ್ಲಮ್ಮ!"

"ಅವರೇಕಾಯಿ ಮುಂದ್ ಮಡಗಿ ಸುಮ್ಕೆ ಕೂತ್ಕೊಳಿ ಅಂದ್ರೆ ಯಾರವ್ವ ಕೂತ್ಕತಾರೆ?" ಅಂದರು ಕಿಕ್ಕೇರಿಯಿಂದ ಬಂದಿದ್ದ ಅಜ್ಜಿಯೊಬ್ಬರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ವ್ಯಾಯಾಮ ಕಲಿಸಲು ಬಂದಿದ್ದ ಡಾಕ್ಟರಮ್ಮ ಮಾತ್ರ ನನ್ನ ಹಸಿರು ಬೆರಳುಗಳನ್ನೇ ನೋಡುತ್ತಿದ್ದರು. ಸುಲಿದದ್ದು ಬಲಗೈಯಲ್ಲಿ! ನನಗೇ ಗೊತ್ತಾಗಿರಲಿಲ್ಲ. ಎರಡೂ ತೋಳಿಗೆ ಟೇಪು ಸುತ್ತಿ ಅಳೆದರು, ಒತ್ತಿ ನೋಡಿದರು. "ಊತವಿಲ್ಲ. ದಿನಾ ಸ್ವಲ್ಪ ಸ್ವಲ್ಪ ಕರೆಯಿರಿ. ಭಾರ ಅನ್ನಿಸಿದರೆ ನಿಲ್ಲಿಸಿ ನನ್ನ ಹತ್ತಿರ ಬನ್ನಿ."

"ಬರ್ದು ಕೊಡಿ ತಾಯಿ, ನಮ್ಮನೆಯವ್ರು ನಂಬಾಕಿಲ್ಲ" ಅಂದೆ. ಬರೆದುಕೊಟ್ಟರು.

ಆಮೇಲೆ ಕೈ ಎತ್ತಿಸಿ ಓಟು ಮಾಡಿದರು. "ದುಡಿಯುವ ಕೈ" ಪಟ್ಟಿಯಲ್ಲಿ ಮೊದಲು ಬಂತು. ಯಾವ ಕೈ ಎಷ್ಟು ದುಡಿಯಬಹುದು ಎಂದು ಸರಿಯಾಗಿ ತಿಳಿಯಲು ವರ್ಷಗಳೇ ಬೇಕಂತೆ. ಆಗಲಿ, ತಿಳಿಯಲಿ.

ಆ ಸಂಜೆ ಗಂಡ ಡಾಕ್ಟರಮ್ಮನ ಚೀಟಿಯನ್ನು ಎರಡು ಸಲ ಓದಿ ಪಕ್ಕಕ್ಕೆ ಸರಿದರು. ನಾನು ಕುಕ್ಕರಗಾಲಲ್ಲಿ ಕೂತು ಅರ್ಧ ಚೆಂಬು ಕರೆದೆ. ಆ ಹಾಲನ್ನು ಡೈರಿಗೆ ಕಳಿಸಲಿಲ್ಲ. ಕಾಯಿಸಿ, ಒಲೆ ಮುಂದೆ ಕೂತು ಅಷ್ಟನ್ನೂ ಕುಡಿದೆ. ಅವರಿಗೆ ಒಂದು ತೊಟ್ಟೂ ಕೊಡಲಿಲ್ಲ.