ಮೈದುನನ ಬಂದೂಕು

ನನ್ನ ಗಂಡನ ಕೆಲಸ ಏನು ಅಂತ ಸೊಲ್ಲಾಪುರದ ನನ್ನ ತವರಿನವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು. ನಮ್ಮದು ಕಾಳುಕಡಿ ವ್ಯಾಪಾರದ ಮನೆತನ. ತಕ್ಕಡಿ ಹಿಡಿಯಬೇಕು, ಇಲ್ಲವೇ ಗಿರಾಕಿಯ ಜೊತೆ ಗಂಟಲು ಹರಿದುಕೊಳ್ಳಬೇಕು. ನಮ್ಮವರ ಪ್ರಕಾರ ಅದಷ್ಟೇ ಕೆಲಸ. ಇವರೋ ದೂರದ ಊರಿನ ಸರಕಾರಿ ಬಂದೂಕಿನ ಕಾರ್ಖಾನೆಯಲ್ಲಿ, ಕಿಟಕಿಯ ಮುಂದೆ ಕೂತು, ಒಂದು ಕಣ್ಣು ಮುಚ್ಚಿ ಬಂದೂಕಿನ ನಳಿಗೆಯೊಳಗೆ ನೋಡುತ್ತಿದ್ದರು. ಬೆಳಕಿಗೆ ಹಿಡಿದಾಗ ಒಳಗಿನ ನೆರಳು ನೆಟ್ಟಗೆ ಕಂಡರೆ ನಳಿಗೆ ಪಾಸು. ನೆರಳು ಎಲ್ಲಾದರೂ ಮುರಿದಂತೆ ಕಂಡರೆ ನಳಿಗೆ ಓರೆ, ತಿದ್ದಲು ವಾಪಸು. "ಬರೇ ನೋಡೂದಕ್ಕ ಪಗಾರ ಕೊಡ್ತಾರೇನವಾ?" ಎಂದು ನಮ್ಮಪ್ಪ ನಗುತ್ತಿದ್ದರು.

ಅಕ್ಕಲಕೋಟೆಯ ಹತ್ತಿರದ ಹಳ್ಳಿಯಲ್ಲಿದ್ದ ನನ್ನ ಅತ್ತೆ ಮಾತ್ರ ಯಾವತ್ತೂ ನಗಲಿಲ್ಲ. ಖಂಡೇನವಮಿಯ ದಿನ ದುಡಿಯುವ ಸಾಮಾನಿಗೆ ಪೂಜೆ. ಅತ್ತೆಯ ಮನೆಯಲ್ಲಿ ನೇಗಿಲು, ಕುಡಗೋಲು, ಕೊಡಲಿ ತೊಳೆದು ಸಾಲಾಗಿ ಇಡುತ್ತಿದ್ದರು. ಹಿರಿಮಗನ ಸಾಮಾನು ಕಾರ್ಖಾನೆಯ ಗೇಟು ದಾಟುವಂತಿರಲಿಲ್ಲ. ಅಲ್ಲಿ ಊಟದ ಡಬ್ಬಿಯನ್ನೂ ತೆರೆಸಿ ನೋಡುವರು. ಹಾಗಾಗಿ ಅತ್ತೆ ಮಗನನ್ನೇ ಕುಡಗೋಲಿನ ಪಕ್ಕ ಮಣೆ ಹಾಕಿ ಕೂರಿಸಿ, ಬಲಗಣ್ಣಿನ ಹುಬ್ಬಿಗೆ ಕುಂಕುಮ ಹಚ್ಚಿ ಆರತಿ ಬೆಳಗುತ್ತಿದ್ದರು. ಮೀಸೆ ಹೊತ್ತ ಗಂಡಸು ಹಾಗೆ ಒಂದು ಕಣ್ಣು ಮುಚ್ಚಿ ಕೂತಿದ್ದನ್ನು ನೋಡಿ ನಾನೂ ಮೈದುನನೂ ಬಾಗಿಲ ಹಿಂದೆ ಹೊಟ್ಟೆ ಹಿಡಿದು ನಗುತ್ತಿದ್ದೆವು.

ಆ ಮೈದುನ ಮಿಲಿಟರಿ ಸೇರಿದ. ಹೊರಡುವ ದಿನ ಅತ್ತೆಯ ಅಳು ನಿಲ್ಲದಾದಾಗ ಇವರು, "ಅಳಬ್ಯಾಡ ಯವ್ವಾ. ಅವ ಹಿಡಿಯೂ ಬಂದೂಕ ನಾನೇ ನೋಡಿ ಕಳಸ್ತೀನಿ," ಅಂದರು.

"ಹಂಗಾದ್ರ ಗುರಿ ತಪ್ಪಿದ್ರ ನಿಂದೇ ತಪ್ಪು ನೋಡಣ್ಣ," ಎಂದು ಮೈದುನ ನಕ್ಕ.

ಆ ಕಾರ್ಖಾನೆಯಲ್ಲಿ ನಳಿಗೆ ನೋಡುವವರು ಇವರೊಬ್ಬರೇ ಅಲ್ಲ. ಸೈನ್ಯಕ್ಕೆ ಬಂದೂಕು ಹೋಗುವುದು ಅದೊಂದೇ ಕಡೆಯಿಂದಲೂ ಅಲ್ಲ. ನನಗದು ಗೊತ್ತಿತ್ತು. ಅತ್ತೆ ಕಣ್ಣೊರೆಸಿಕೊಂಡರಲ್ಲ, ಅಷ್ಟು ಸಾಕು ಅಂತ ಸುಮ್ಮನಾದೆ.

ಎಪ್ಪತ್ತೊಂದರ ಯುದ್ಧದಲ್ಲಿ ಮೈದುನ ತೀರಿಕೊಂಡ. ತಂತಿ ಬಂತು, ದೇಹ ಬರಲಿಲ್ಲ.

ಅಲ್ಲಿಂದ ಮುಂದೆ, ರಜೆಯಲ್ಲಿ ನಾವು ಹಳ್ಳಿಗೆ ಹೋದಾಗಲೆಲ್ಲ ಅತ್ತೆ ಮಗನ ತಾಟಿಗೆ ರೊಟ್ಟಿ ಹಾಕುತ್ತಾ ಒಂದೇ ಪ್ರಶ್ನೆ ಕೇಳುವರು. ದನಿ ಮಾತ್ರ ಏರಿಸುತ್ತಿರಲಿಲ್ಲ. "ತಮ್ಮನ ಬಂದೂಕ ಬರೋಬ್ಬರಿ ನೋಡಿ ಕಳಿಸಿದ್ದಿ, ಹೌದಿಲ್ಲೋ?" ಇವರು "ಹೂಂ ಯವ್ವಾ" ಅನ್ನುವರು. ಆಮೇಲೆ ರೊಟ್ಟಿ ಮುರಿಯದೆ ತಾಟಿನ ಮುಂದಿನಿಂದ ಎದ್ದುಬಿಡುವರು.

ನನಗೆ ಅತ್ತೆಯ ಮೇಲೆ ಸಿಟ್ಟು ಬರುತ್ತಿತ್ತು. ಹಳ್ಳಿಯಲ್ಲಿ ಹೂಂ ಅಂದು ಬಂದವರು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಮನುಷ್ಯರ ಹಾಗೆ ಇರಲಿಲ್ಲ. ಒಲೆ ಊದುವ ಕೊಳವೆಯನ್ನು ಕೂಡ ಎತ್ತಿ ಕಣ್ಣಿಗೆ ಹಿಡಿಯುವರು. ಒಂದು ಮಧ್ಯಾಹ್ನ ನಾನು ಕೇಳಿಯೇಬಿಟ್ಟೆ, "ಏನ್ ಕಾಣ್ತದರಿ ಅದರಾಗ?"

"ನೆಳ್ಳ ನೆಟ್ಟಗ ಇರ್ತದ," ಅಂದರು. "ಆಚಿ ಕಡಿಂದ ಅವನೇ ಬಂದು ಅಡ್ಡ ನಿಂದರ್ತಾನ."

ಆ ಕೊಳವೆಯನ್ನು ನಾನು ಮತ್ತೆ ಮುಟ್ಟಲಿಲ್ಲ. ಕಾರ್ಖಾನೆಯಲ್ಲೂ ಇವರ ಕೈಯಲ್ಲಿ ಒಂದು ನಳಿಗೆಯೂ ಪಾಸಾಗದಾಯಿತು. ಒಳ್ಳೆಯದನ್ನೂ ಓರೆ ಅಂತ ವಾಪಸು ಮಾಡುತ್ತಿದ್ದರು. ಮೇಲಿನವರು ಕರೆದು ಬುದ್ಧಿ ಹೇಳಿ ನೋಡಿದರು. ದಸರೆ ರಜೆಗೆ ಹೊರಟಾಗ, ಬಂದ ಮೇಲೂ ಹೀಗೇ ಆದರೆ ಈ ಕೆಲಸ ಉಳಿಯುವುದಿಲ್ಲ ಅಂದು ಕಳಿಸಿದರು.

ಸೊಲ್ಲಾಪುರದಲ್ಲಿ ಅಕ್ಕಲಕೋಟೆಯ ಬಸ್ಸು ಹತ್ತುವಾಗಲೇ ನಾನು ಗಟ್ಟಿ ಮನಸ್ಸು ಮಾಡಿದ್ದೆ. ದಾರಿಯ ಕುಂಭಾರಿ ಊರು ಬರುವಷ್ಟರಲ್ಲಿ ಆಡಬೇಕಾದ ಮಾತೆಲ್ಲ ಬಾಯಲ್ಲಿ ತಯಾರಾಗಿತ್ತು. ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದು. ಹೋದವನಂತೂ ಹೋದ, ನನ್ನ ಗಂಡನಾದರೂ ನನಗೆ ಉಳಿಯಬೇಕು.

ಖಂಡೇನವಮಿಯ ದಿನ ಅತ್ತೆ ಎಂದಿನಂತೆ ಮಣೆ ಹಾಕಿದರು. ಹುಬ್ಬಿಗೆ ಕುಂಕುಮ ಹಚ್ಚಿ, ಆರತಿ ಹಿಡಿದು, ಅದೇ ಪ್ರಶ್ನೆ ಕೇಳಿದರು. ಇವರ ಮುಚ್ಚಿದ ಕಣ್ಣಿನಿಂದ ನೀರಿಳಿಯಿತು. ನಾನು ಆರತಿ ತಟ್ಟೆಯನ್ನು ಅತ್ತೆಯ ಕೈಯಿಂದ ಕಸಿದು ಕೆಳಗಿಟ್ಟೆ.

"ಸಾಕು ಮಾಡ್ರಿ ಅತ್ತಿ. ಅಲ್ಲಿ ನೋಡಾವ್ರು ಇವರೊಬ್ಬರೇ ಅಲ್ರಿ. ಆ ಬಂದೂಕ ಯಾರ ಕೈಯಾಗಿಂದ ಹೋತೋ ಯಾರಿಗಿ ಗೊತ್ತು? ನಿಮಗ ಸಮಾಧಾನ ಆಗಲಿ ಅಂತ ಅಂದಿದ್ರು, ಅಷ್ಟ. ಅದನ್ನೇ ಹಿಡಕೊಂಡು ಕುಂತ್ರ ಇದ್ದೊಬ್ಬ ಮಗನ್ನೂ ಕಳಕೋತೀರಿ."

ಅತ್ತೆ ಸಿಟ್ಟಾಗಲಿಲ್ಲ. "ನನಗ ಗೊತ್ತದವಾ," ಅಂದರು. "ಅವತ್ತೇ ಗೊತ್ತಿತ್ತು. ಅಷ್ಟೂ ತಿಳಿಲಾರದ ಹುಚ್ಚಿ ಅಲ್ಲ ನಾ."

"ಮತ್ತ್ಯಾಕ ಕೇಳ್ತೀರಿ?"

"ಬಂದೂಕ ಯಾರೋ ಪರದೇಶಿ ಕೈಯಾಗಿಂದ ಬಂದಿತ್ತು ಅಂದ್ರ, ಆಖೇರಿಗಿ ನನ್ನ ಕೂಸಿನ ಬಾಜೂಕ ನಮ್ಮವರಂತ ಯಾರೂ ಇರಲೇ ಇಲ್ಲ ಅಂತ ಆಗ್ತದಲ್ಲವಾ. ಅಣ್ಣ ನೋಡಿದ್ದು ಕೈಯಾಗ ಇತ್ತು ಅಂದ್ರ, ಅವ ಒಬ್ಬನೇ ಸತ್ತಂಗ ಆಗೂದಿಲ್ಲ."

ಇವರು ಮಣೆಯಿಂದ ಎದ್ದು ಬಂದು ತಾಯಿಯ ಎರಡೂ ಕೈ ಹಿಡಿದುಕೊಂಡರು. "ನಾನೇ ನೋಡೀನಿ ಯವ್ವಾ. ನಳಿಗಿ ಮ್ಯಾಲಿನ ನಂಬರ ಸುದ್ದಾ ನೆನಪದ," ಎಂದು ಒಂದು ನಂಬರು ಹೇಳಿದರು. ಅತ್ತೆ ಅದನ್ನು ಬಾಯಿಪಾಠ ಬರುವ ತನಕ ಹೇಳಿಸಿಕೊಂಡರು. ಮುಂದೆ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ರಜೆ ಮುಗಿಸಿ ಹೋದ ಮೇಲೆ ನಳಿಗೆಗಳು ಪಾಸಾಗತೊಡಗಿದವು. ಕೆಲಸ ಉಳಿಯಿತು. ಇವರು ಹೊಟ್ಟೆತುಂಬ ಉಣ್ಣತೊಡಗಿದರು, ನಾನೂ ಉಸಿರಾಡಿದೆ.

ಅತ್ತೆ ತೀರಿಕೊಂಡ ಮೇಲೆ, ಇನ್ನು ಯಾರ ಮುಲಾಜೂ ಇಲ್ಲವಲ್ಲ ಅಂತ, ಒಂದು ದಿನ ನಗುತ್ತಲೇ ಕೇಳಿದೆ. "ಅವತ್ತ ಆ ನಂಬರ ಎಲ್ಲಿಂದ ಹುಟ್ಟಿಸಿದ್ರಿ?"

ಇವರು ನನ್ನನ್ನು ಗುರುತಿಲ್ಲದವಳ ಹಾಗೆ ನೋಡಿದರು.

"ಹುಟ್ಟಸೂದೇನು? ತಮ್ಮನ ಬಂದೂಕಿಂದು ಅದು," ಅಂದರು. "ನೆಳ್ಳ ಒಂದೀಟು ಮುರದಿತ್ತು. ನಾ ಪಾಸ್ ಮಾಡಿಬಿಟ್ಟೆ."